ಮಗಳ ಕಮಿಟ್ಟು, ಅಮ್ಮನ ಹುಳಿಪುಡಿ

2024ರ ಜುಲೈ ತಿಂಗಳು. ಕಬಿನಿ ಅಣೆಕಟ್ಟೆಯಿಂದ ನೀರು ಬಿಟ್ಟು, ನಮ್ಮ ನಂಜನಗೂಡಿನಲ್ಲಿ ಕಪಿಲೆ ತುಂಬಿ ಹರಿಯುತ್ತಿದ್ದ ದಿನಗಳು. ಸ್ನಾನಘಟ್ಟದ ಮೆಟ್ಟಿಲುಗಳೆಲ್ಲ ನೀರಿನೊಳಗೆ. ಅಂಥ ಒಂದು ರಾತ್ರಿ, ಒಂದು ಗಂಟೆ ದಾಟಿರಬೇಕು, ನೀರು ಕುಡಿಯಲೆಂದು ಎದ್ದೆ. ನಡುಮನೆಯಲ್ಲಿ ದೀಪ ಉರಿಯುತ್ತಿತ್ತು. ಮಗಳು ಲ್ಯಾಪ್‌ಟಾಪ್ ಮುಂದೆ ಕೂತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಕಣ್ಣಲ್ಲಿ ನೀರು.

“ಏನಾಯ್ತೇ?” ಅಂದೆ.

“ಅಮ್ಮ, ನಾನು ಎಲ್ಲಾ ಹಾಳು ಮಾಡ್ಬಿಟ್ಟೆ. ನನ್ನ ಕಮಿಟ್ಟು ಹೋಗಿ ಕೂತಿದ್ದೇ ತಡ, ಇನ್ನೊಬ್ಬರು ಎರಡು ದಿನ ಮಾಡಿದ ಕೆಲಸ ಮಾಯವಾಗಿದೆ. ನಾಳೆ ನನ್ನನ್ನ ಮನೇಗೆ ಕಳಿಸ್ತಾರೆ.”

ನನಗೆ ಗೊತ್ತಿದ್ದದ್ದು ಕಮಿಟಿ. ದೇವಸ್ಥಾನದ ಕಮಿಟಿ, ಶಾಲೆಯ ಕಮಿಟಿ. ಈ ಕಮಿಟ್ಟು ಯಾವುದೋ ತಿಳಿಯಲಿಲ್ಲ. ಅಲ್ಲದೆ ಅವಳು ಕೂತಿರುವುದೇ ಮನೆಯಲ್ಲಿ, ಇನ್ನು ಮನೆಗೆ ಕಳಿಸುವುದೇನು ಎಂದು ನಗು ಕೂಡ ಬಂತು. ಆದರೆ ಮಗುವಿನ ಮುಖ ನೋಡಿ ನಗಲಿಲ್ಲ. ಒಂದು ಲೋಟ ಬಿಸಿ ಹಾಲು ಕೊಟ್ಟು ಪಕ್ಕದಲ್ಲಿ ಕೂತೆ. ನಮ್ಮ ಮನೆಯವರೂ ಎದ್ದು ಬಂದರು. ಮೂವರಿಗೂ ಆ ರಾತ್ರಿ ನಿದ್ದೆಯಿಲ್ಲ.

ಬೆಳಿಗ್ಗೆ ಆರು ಗಂಟೆಗೆ ಅವಳು ಧೈರ್ಯ ಮಾಡಿ ಆ ಸಹೋದ್ಯೋಗಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡಳು. ಆ ಹುಡುಗ ನಕ್ಕುಬಿಟ್ಟನಂತೆ. “ಅಳಬೇಡಿ, ನನ್ನ ಮಷೀನಲ್ಲಿ ಎಲ್ಲಾ ಹಾಗೇ ಇದೆ. ವಾಪಸ್ ಹಾಕ್ತೀನಿ” ಎಂದನಂತೆ. ನಾನು ಎರಡನೇ ದೋಸೆ ಹುಯ್ಯುವಷ್ಟರಲ್ಲಿ ಎರಡು ದಿನದ ಕೆಲಸ ಅದರ ಜಾಗಕ್ಕೆ ಬಂದು ಕೂತಿತ್ತು.

ಮಗಳ ಮುಖಕ್ಕೆ ಬಣ್ಣ ಬಂತು. ನನಗೆ ಮಾತ್ರ ತಲೆಯಲ್ಲಿ ಹುಳ ಹೊಕ್ಕಿತು. ಅಳಿಸಿಹೋದದ್ದು ಹೀಗೆ ವಾಪಸ್ ಬರುವುದಾದರೆ, ನಮ್ಮ ಅಮ್ಮನ ಹುಳಿಪುಡಿ ಯಾಕೆ ಬರಲಿಲ್ಲ? ಆ ಹುಳಿಪುಡಿಯ ಕಾರಣಕ್ಕೇ ನಾನೂ ನನ್ನ ತಂಗಿಯೂ ಮಾತು ಬಿಟ್ಟು ಆಗ ನಾಲ್ಕು ತಿಂಗಳಾಗಿತ್ತು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಈ ಕಮಿಟ್ಟಿನ ವಿಷಯ.

ಸಂಘದ ಪುಸ್ತಕ ಇದ್ದ ಹಾಗೆ

“ನನಗೆ ಅರ್ಥವಾಗೋ ಹಾಗೆ ಹೇಳೇ” ಎಂದು ಮಗಳನ್ನು ಹಿಡಿದು ಕೂರಿಸಿದೆ. ನಾನು ಓದಿರುವುದು ಎಸ್ಸೆಸ್ಸೆಲ್ಸಿವರೆಗೆ. ಆದರೆ ನಮ್ಮ ಮಹಿಳಾ ಸಂಘದ ಪುಸ್ತಕ ಬರೆಯುವವಳು ನಾನೇ. ಅವಳು ಅಲ್ಲಿಂದಲೇ ಶುರು ಮಾಡಿದಳು.

ಕಂಪ್ಯೂಟರು ಏನು ಮಾಡಬೇಕು ಎಂದು ಸಾಲು ಸಾಲಾಗಿ ಬರೆದಿಟ್ಟ ಅಪ್ಪಣೆಗಳಿಗೆ ಕೋಡ್ ಎನ್ನುತ್ತಾರೆ. ನಾವು ಬಸ್ಸಿನ ಟಿಕೆಟ್ ಕಾದಿರಿಸುವುದು, ಬ್ಯಾಂಕಿನ ಹಣ ಕಳಿಸುವುದು, ಕರೆಂಟ್ ಬಿಲ್ ಕಟ್ಟುವುದು, ಎಲ್ಲದರ ಹಿಂದೆಯೂ ಇಂಥ ಲಕ್ಷಗಟ್ಟಲೆ ಸಾಲುಗಳಿವೆ. ಇವನ್ನು ಒಬ್ಬರೇ ಬರೆಯುವುದಿಲ್ಲ. ಮೈಸೂರಿನಲ್ಲಿ ಒಬ್ಬಳು, ಹೈದರಾಬಾದಿನಲ್ಲಿ ಒಬ್ಬ, ಅಮೆರಿಕದಲ್ಲಿ ಇನ್ನೊಬ್ಬ, ಹೀಗೆ ಹತ್ತಾರು ಜನ ಒಂದೇ ಕೋಡಿಗೆ ಕೈ ಹಾಕಿರುತ್ತಾರೆ. ಒಂದೇ ಒಲೆಯ ಮೇಲಿನ ಒಂದೇ ಪಾತ್ರೆಗೆ ಹತ್ತು ಸೊಸೆಯರು ಸೌಟು ಹಾಕಿದ ಹಾಗೆ. ಯಾರು ಉಪ್ಪು ಹಾಕಿದರು, ಯಾರು ಹಾಕಲಿಲ್ಲ ಎಂದು ಲೆಕ್ಕವಿಡದಿದ್ದರೆ ಸಾರು ಬಾಯಿಗಿಡಲಾದೀತೇ?

ಆ ಲೆಕ್ಕ ಇಡುವ ವ್ಯವಸ್ಥೆಯೇ ಇದು. ಯಾರೇ ಆಗಲಿ ಕೋಡಿನಲ್ಲಿ ಒಂದು ಬದಲಾವಣೆ ಮಾಡಿದ ಮೇಲೆ, ಅದನ್ನು ಪುಸ್ತಕಕ್ಕೆ ಏರಿಸಬೇಕು. ಏರಿಸುವಾಗ ನಾಲ್ಕು ವಿಷಯ ದಾಖಲಾಗುತ್ತದೆ: ಯಾರು ಬದಲಾಯಿಸಿದರು, ಯಾವಾಗ, ಏನನ್ನು, ಯಾಕೆ. ಮೊದಲ ಮೂರನ್ನು ಯಂತ್ರವೇ ಬರೆದುಕೊಳ್ಳುತ್ತದೆ. ನಾಲ್ಕನೆಯದನ್ನು ಮಾತ್ರ ಮನುಷ್ಯರೇ ಬರೆಯಬೇಕು. ಹೀಗೆ ದಾಖಲೆ ಮಾಡಿ ಒಪ್ಪಿಸುವುದಕ್ಕೇ ಕಮಿಟ್ ಎಂದು ಹೆಸರು.

ನಮ್ಮ ಸಂಘದ ಪುಸ್ತಕಕ್ಕೂ ಒಂದು ಕಟ್ಟುನಿಟ್ಟಿದೆ. ಬರೆದದ್ದನ್ನು ಬಿಳಿ ಮಸಿ ಹಚ್ಚಿ ಮುಚ್ಚುವಂತಿಲ್ಲ. ತಪ್ಪಾದರೆ ಒಂದು ಗೆರೆ ಹೊಡೆದು, ಸರಿಯಾದ್ದನ್ನು ಪಕ್ಕದಲ್ಲಿ ಬರೆದು, ಸಹಿ ಹಾಕಬೇಕು. ಹಳೆಯ ಅಂಕಿ ಕಾಣುತ್ತಲೇ ಇರಬೇಕು. ಇಲ್ಲೂ ಅದೇ ನ್ಯಾಯವಂತೆ. ಮಾಡಿದ ಬದಲಾವಣೆ ತಪ್ಪು ಎಂದು ತಿಳಿದರೆ, ಅದನ್ನು ಅಳಿಸುವುದಕ್ಕಿಂತ, ಅದರ ಉಲ್ಟಾ ಮಾಡಿದೆ ಎಂದು ಇನ್ನೊಂದು ಕಮಿಟ್ ಸೇರಿಸುವುದು ಒಳ್ಳೆಯ ಪದ್ಧತಿ. ತಪ್ಪೂ ಉಳಿಯುತ್ತದೆ, ತಿದ್ದಿದ್ದೂ ಉಳಿಯುತ್ತದೆ. ಮುಂದೆ ಬಂದವರು ನೋಡಿ ಕಲಿಯುತ್ತಾರೆ.

ಪ್ರತಿಯೊಂದು ಕಮಿಟ್ಟಿಗೂ ಒಂದು ಗುರುತಿನ ಸಂಖ್ಯೆ ಬೀಳುತ್ತದೆ. ಅಂಕಿ, ಅಕ್ಷರ ಎರಡೂ ಸೇರಿ ಸಾಮಾನ್ಯವಾಗಿ 40. ಇದನ್ನು ಯಾರೂ ಕೂತು ಕೊಡುವುದಿಲ್ಲ. ಒಳಗೆ ಏನು ಬರೆದಿದೆ, ಯಾರು ಬರೆದರು, ಯಾವಾಗ, ಹಿಂದಿನ ಕಮಿಟ್ಟಿನ ಸಂಖ್ಯೆ ಯಾವುದು, ಎಲ್ಲವನ್ನೂ ಸೇರಿಸಿ ಯಂತ್ರವೇ ಲೆಕ್ಕ ಹಾಕಿ ತೆಗೆಯುತ್ತದೆ. ಹಳೆಯ ಪುಟದಲ್ಲಿ ಯಾರಾದರೂ ಕದ್ದು ಒಂದೇ ಒಂದು ಅಕ್ಷರ ತಿದ್ದಿದರೂ ಅದರ ಸಂಖ್ಯೆ ಬದಲಾಗುತ್ತದೆ, ಅದರ ಮುಂದಿನದ್ದೂ ಬದಲಾಗುತ್ತದೆ. ಕಳ್ಳತನ ಬಯಲಾಗುತ್ತದೆ. ನಮ್ಮ ಸಂಘದ ಪುಸ್ತಕಕ್ಕೂ ಇಂಥದ್ದೊಂದು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ.

ಎರಡು ಹೊಳೆ, ಒಂದು ಸಂಗಮ

“ಸರಿ, ಹಾಗಾದರೆ ನಿನ್ನೆ ರಾತ್ರಿ ಏನು ಎಡವಟ್ಟಾಯಿತು?” ಅಂದೆ.

ಅದಕ್ಕೆ ಅವಳು ನನ್ನ ತವರನ್ನೇ ಉದಾಹರಣೆ ಕೊಟ್ಟಳು. ನನ್ನ ತವರು ತಿ. ನರಸೀಪುರ. ನಮ್ಮ ನಂಜನಗೂಡಿನ ಪಕ್ಕದಲ್ಲಿ ಹರಿಯುವ ಕಪಿಲೆ ಅಲ್ಲಿಗೆ ಹೋಗಿ ಕಾವೇರಿಯನ್ನು ಸೇರುತ್ತಾಳೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರುತ್ತದೆಂಬ ನಂಬಿಕೆಯಿಂದ ಅದು ತ್ರಿವೇಣಿ ಸಂಗಮ, ತಿರುಮಕೂಡಲು. 1989ರಿಂದ ಮೂರು ವರ್ಷಕ್ಕೊಮ್ಮೆ ಅಲ್ಲಿ ಕುಂಭಮೇಳ ನಡೆಸಿಕೊಂಡು ಬಂದಿದ್ದಾರೆ.

ಕೋಡ್ ಬರೆಯುವವರು ಹೊಸ ಕೆಲಸಕ್ಕೆ ಕೈ ಹಾಕುವಾಗ ಮುಖ್ಯ ಹರಿವಿನಿಂದ ಒಂದು ಕವಲು ತೆಗೆದುಕೊಳ್ಳುತ್ತಾರೆ. ತಮ್ಮ ಕವಲಿನಲ್ಲಿ ಎಷ್ಟು ಬೇಕಾದರೂ ಬರೆಯಲಿ, ಕೆಡಿಸಲಿ, ತಿದ್ದಲಿ, ಮುಖ್ಯ ಹೊಳೆಗೆ ಏನೂ ಆಗುವುದಿಲ್ಲ. ಕೆಲಸ ಮುಗಿದ ಮೇಲೆ ಹಿರಿಯರೊಬ್ಬರು ಓದಿ ನೋಡುತ್ತಾರೆ. ಸಾರು ಇಳಿಸುವ ಮೊದಲು ಅತ್ತೆಯವರು ಅಂಗೈಗೆ ಒಂದು ಹನಿ ಹಾಕಿಸಿಕೊಂಡು ರುಚಿ ನೋಡುವುದಿಲ್ಲವೇ, ಹಾಗೆ. ಅವರು ಒಪ್ಪಿದರೆ ಕವಲನ್ನು ಮುಖ್ಯ ಹೊಳೆಗೆ ಸೇರಿಸುತ್ತಾರೆ. ಇದೇ ಸಂಗಮ.

ಇಬ್ಬರು ಬೇರೆ ಬೇರೆ ಸಾಲುಗಳನ್ನು ತಿದ್ದಿದ್ದರೆ ತೊಂದರೆಯಿಲ್ಲ, ಯಂತ್ರವೇ ಎರಡನ್ನೂ ಸೇರಿಸುತ್ತದೆ. ಆದರೆ ಇಬ್ಬರೂ ಒಂದೇ ಸಾಲನ್ನು ಬೇರೆ ಬೇರೆ ರೀತಿ ತಿದ್ದಿದ್ದರೆ? ಆಗ ಯಂತ್ರ ಪಂಚಾಯಿತಿ ಮಾಡಲು ಹೋಗುವುದಿಲ್ಲ. ಅಲ್ಲೇ ನಿಂತುಬಿಡುತ್ತದೆ. ಇವರು ಬರೆದದ್ದು ಇದು, ಅವರು ಬರೆದದ್ದು ಅದು ಎಂದು ಎರಡನ್ನೂ ಗುರುತು ಹಾಕಿ ಒಂದರ ಕೆಳಗೊಂದು ಇಟ್ಟು, ನೀವೇ ಕೂತು ತೀರ್ಮಾನ ಮಾಡಿ ಎನ್ನುತ್ತದೆ. ಈ ಒಂದು ಮಾತು ನನಗೆ ಬಹಳ ಹಿಡಿಸಿತು. ಎಷ್ಟು ಮನೆಗಳಲ್ಲಿ ಜಗಳ ನಿಲ್ಲುತ್ತಿತ್ತು, ಯಾರಾದರೂ ಹೀಗೆ ಇಬ್ಬರ ಮಾತನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ್ದರೆ!

ನನ್ನ ಮಗಳು ಮಾಡಿದ ತಪ್ಪು ಇಲ್ಲೇ. ಎಲ್ಲರೂ ಹಂಚಿಕೊಂಡ ಪುಸ್ತಕಕ್ಕೆ ತನ್ನದನ್ನು ಏರಿಸಲು ಹೋದಾಗ ಯಂತ್ರ ತಡೆಯಿತಂತೆ. ಬೇರೆಯವರು ಹೊಸದಾಗಿ ಬರೆದಿದ್ದಾರೆ, ಮೊದಲು ಅದನ್ನು ತಂದುಕೊಂಡು ನೋಡು ಎಂದಿತಂತೆ. ಮಧ್ಯರಾತ್ರಿ, ಕಣ್ಣು ಎಳೆಯುತ್ತಿತ್ತು, ನಾಳೆ ಬೆಳಿಗ್ಗೆ ಕೆಲಸ ಒಪ್ಪಿಸಬೇಕು. ನನ್ನದೇ ಇರಲಿ ಎಂದು ಬಲವಂತವಾಗಿ ತಳ್ಳಿದಳು. ಬಲವಂತಕ್ಕೂ ಒಂದು ಅಪ್ಪಣೆ ಇದೆಯಂತೆ. ತಳ್ಳಿದ ಕೂಡಲೇ ಇನ್ನೊಬ್ಬರದ್ದು ಆಚೆಗೆ ಬಿತ್ತು.

ಆದರೂ ಉಳಿದದ್ದು ಹೇಗೆ? ಈ ವ್ಯವಸ್ಥೆಯಲ್ಲಿ ಪುಸ್ತಕ ಒಂದೇ ಕಡೆ ಇರುವುದಿಲ್ಲ. ಕೆಲಸ ಮಾಡುವ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಮೊದಲ ಪುಟದಿಂದ ಇಡೀ ಪುಸ್ತಕದ ನಕಲಿರುತ್ತದೆ. ಒಂದು ಕಡೆ ಕಳೆದರೆ ಇನ್ನೊಂದು ಕಡೆ ಸಿಗುತ್ತದೆ. ಆ ಹುಡುಗ ನಕ್ಕದ್ದು ಅದಕ್ಕೇ.

ಇದು ಹುಟ್ಟಿದ ಬಗೆ

ಈ ಲೆಕ್ಕದ ಪುಸ್ತಕ ನಿನ್ನೆ ಮೊನ್ನೆಯದಲ್ಲ. 1972ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರಾಕ್‌ಕೈಂಡ್ ಎಂಬುವರು ಇಂಥ ಮೊದಲ ವ್ಯವಸ್ಥೆಗಳಲ್ಲಿ ಒಂದನ್ನು ಮಾಡಿದರು. ಆಮೇಲೆ 1980ರ ದಶಕದಲ್ಲಿ ವಾಲ್ಟರ್ ಟಿಚಿ, ಡಿಕ್ ಗ್ರೂನ್ ಎಂಬ ಇಬ್ಬರು ಬೇರೆ ಬೇರೆಯಾಗಿ ಇದನ್ನು ಮುಂದಕ್ಕೆ ತಂದರು. ಹಳೆಯ ವ್ಯವಸ್ಥೆಗಳಲ್ಲಿ ಒಬ್ಬರು ಒಂದು ಕಡತವನ್ನು ತೆಗೆದುಕೊಂಡರೆ ಅದಕ್ಕೆ ಬೀಗ. ಅವರು ವಾಪಸ್ ಕೊಡುವವರೆಗೆ ಬೇರೆಯವರು ತಿದ್ದುವಂತಿಲ್ಲ. ಒರಳುಕಲ್ಲು ಒಂದೇ ಇದ್ದ ಕಾಲದಲ್ಲಿ ಅಕ್ಕಪಕ್ಕದ ಮನೆಯವರು ಸರದಿಗೆ ಕಾಯುತ್ತಿದ್ದ ಹಾಗೆ.

ಈಗ ಹೆಚ್ಚಿನವರು ಬಳಸುವುದು ಗಿಟ್ ಎಂಬ ವ್ಯವಸ್ಥೆ. ಇದನ್ನು 2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆದರು. ಲಿನಕ್ಸ್ ಎಂಬ, ಯಾರು ಬೇಕಾದರೂ ಬಳಸಬಹುದಾದ ತಂತ್ರಾಂಶದ ಮೂಲಪುರುಷ ಇವರೇ. ಜಗತ್ತಿನ ಮೂಲೆ ಮೂಲೆಯಿಂದ ಸಾವಿರಾರು ಜನ ಲಿನಕ್ಸಿಗೆ ಸಾಲು ಸೇರಿಸುತ್ತಿದ್ದರು. ಅವರು ಅಲ್ಲಿಯವರೆಗೆ ಬಳಸುತ್ತಿದ್ದ ಇನ್ನೊಬ್ಬರ ವ್ಯವಸ್ಥೆಯನ್ನು ಉಚಿತವಾಗಿ ಕೊಡುವುದು ನಿಂತುಹೋಯಿತು. ಬೇರೆ ದಾರಿಯಿಲ್ಲದೆ ತಾವೇ ಮಾಡಿಕೊಂಡರು. ಬಾಡಿಗೆ ರುಬ್ಬುಕಲ್ಲನ್ನು ಕಿತ್ತುಕೊಂಡರು ಎಂದು ತಾವೇ ಒಂದು ಕಲ್ಲು ಕಡೆಸಿಕೊಂಡ ಹಾಗಾಯಿತು. ಆ ಕಲ್ಲನ್ನೇ ಈಗ ಲೋಕವೆಲ್ಲ ತಿರುಗಿಸುತ್ತಿದೆ.

ಈ ಪುಸ್ತಕಗಳನ್ನು ಎಲ್ಲರಿಗೂ ಸಿಗುವ ಕಡೆ ಇಡಲು 2008ರಲ್ಲಿ ಗಿಟ್‌ಹಬ್ ಎಂಬ ತಾಣ ಶುರುವಾಯಿತು. 2018ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಅದನ್ನು 7.5 ಶತಕೋಟಿ ಡಾಲರಿಗೆ ಕೊಂಡಿತು. ಅಷ್ಟು ಬೆಲೆ ಬಾಳುವ ಸರಕು ಅಲ್ಲಿ ಏನಿದೆ ಅಂದುಕೊಂಡಿರಿ? ಇದೇ, ಯಾರು ಏನು ಬದಲಾಯಿಸಿದರು, ಯಾಕೆ ಬದಲಾಯಿಸಿದರು ಎಂಬ ಲೆಕ್ಕ.

ಇದೆಲ್ಲ ಇಂಗ್ಲಿಷಿನವರ ಕೆಲಸ ಎಂದು ತಿಳಿಯಬೇಡಿ. ವಿ. ಕೃಷ್ಣ ಎಂಬುವರು ದಶಕಗಳ ಕಾಲ ಕೂತು ಒಂದು ಕನ್ನಡ-ಇಂಗ್ಲಿಷ್ ನಿಘಂಟು ಮಾಡಿದರು. ಅದರಲ್ಲಿ 1,50,000ಕ್ಕೂ ಹೆಚ್ಚು ಕನ್ನಡ ಪದಗಳಿವೆ. ‘ಅಲರ್’ ಎಂಬ ಹೆಸರಿನಲ್ಲಿ 2019ರಲ್ಲಿ ಅದು ಎಲ್ಲರಿಗೂ ಮುಕ್ತವಾಯಿತು. ಅದರ ಪದಗಳ ಕಡತವೂ ಗಿಟ್‌ಹಬ್‌ನಲ್ಲಿದೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಬೇರೆ ಬಗೆಯದ್ದಾದರೂ ನ್ಯಾಯ ಒಂದೇ. ಅಲ್ಲಿನ ಯಾವ ಪುಟಕ್ಕೆ ಹೋದರೂ ಮೇಲ್ಗಡೆ ಇತಿಹಾಸ ಎಂದು ಒಂದು ಕೊಂಡಿ ಇರುತ್ತದೆ. ಒತ್ತಿ ನೋಡಿ. ಯಾವ ಸಾಲನ್ನು ಎಂದು, ಯಾರು ಸೇರಿಸಿದರು ಎಂದು ಮೊದಲಿನಿಂದ ಕಾಣುತ್ತದೆ.

ನಮ್ಮ ಮನೆಯ ಜಗಳ

ಈಗ ಹುಳಿಪುಡಿಗೆ ಬರುತ್ತೇನೆ.

ನಮ್ಮ ಅಮ್ಮ 2021ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದದ್ದು ಒಂದು ಜೊತೆ ಓಲೆ, ನಾಲ್ಕು ಹಿತ್ತಾಳೆ ಪಾತ್ರೆ ಮತ್ತು ಒಂದು ಅಡುಗೆಯ ನೋಟ್‌ಬುಕ್ಕು. ಓಲೆ, ಪಾತ್ರೆ ಹಂಚಿಕೊಂಡದ್ದಾಯಿತು. ನೋಟ್‌ಬುಕ್ಕನ್ನು ಹಂಚುವುದು ಹೇಗೆ? ನನ್ನ ತಂಗಿ ತಿ. ನರಸೀಪುರದಲ್ಲೇ ಇದ್ದಾಳೆ, ಪುಸ್ತಕ ಅವಳ ಬಳಿ ಇರಲಿ ಎಂದೆವು. ಅದರಲ್ಲಿದ್ದ 62 ಅಡುಗೆಗಳನ್ನು ಇಬ್ಬರೂ ಸೇರಿ ಟೈಪು ಮಾಡಿಡೋಣ ಎಂದು ಹೊರಟೆವು. ನಾನು ಒಂದಿಷ್ಟು, ಅವಳು ಒಂದಿಷ್ಟು. ಕಡತವನ್ನು ವಾಟ್ಸಾಪಿನಲ್ಲಿ ಅತ್ತ ಇತ್ತ ಕಳಿಸುವುದು. ‘ಅಮ್ಮನ ಅಡುಗೆ’, ‘ಅಮ್ಮನ ಅಡುಗೆ ಹೊಸದು’, ‘ಕೊನೆಯದು’, ‘ನಿಜವಾದ ಕೊನೆಯದು’ ಎಂದು ಹೆಸರುಗಳು ಬೆಳೆದವು. ಯಾವುದು ಯಾವುದೆಂದು ಇಬ್ಬರಿಗೂ ತಿಳಿಯದಾಯಿತು. ಕೊನೆಗೊಂದನ್ನು ಇಟ್ಟುಕೊಂಡು ಹಳೆಯವನ್ನೆಲ್ಲ ಅಳಿಸಿದೆವು.

2024ರ ದೊಡ್ಡ ಜಾತ್ರೆಗೆ ಮನೆ ತುಂಬ ನೆಂಟರು. ಐದು ತೇರು ಎಳೆಯುವ ದಿನ ನಮ್ಮ ಊರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಮ್ಮನ ಕೈರುಚಿ ಎಲ್ಲರಿಗೂ ಸಿಗಲಿ ಎಂದು ಆ ಕಡತವನ್ನೇ ನೋಡಿಕೊಂಡು ಹೊಸದಾಗಿ ಹುಳಿಪುಡಿ ಮಾಡಿದ್ದೆ. ಎಲೆಯ ಮುಂದೆ ಕೂತ ನಮ್ಮ ಚಿಕ್ಕಮ್ಮ ಒಂದು ತುತ್ತು ಬಾಯಿಗಿಟ್ಟು, “ಇದು ಅಕ್ಕನ ಹುಳಿಯಲ್ಲ ಕಣೇ. ಕೊತ್ತಂಬರಿ ಕಷಾಯ ಕುಡಿದ ಹಾಗಿದೆ” ಎಂದರು. ನೆಂಟರ ಮುಂದೆ ನನ್ನ ಮುಖ ಏನಾಗಿರಬೇಡ!

ರಾತ್ರಿ ಕೂತು ಕಡತ ನೋಡಿದೆ. ಅಮ್ಮ ಪಾವು, ಚಟಾಕು ಎಂದು ಬರೆದಿದ್ದ ಕಡೆಯೆಲ್ಲ ಗ್ರಾಂ ಆಗಿತ್ತು. ಒಂದು ಪಾವಿಗೆ 200 ಗ್ರಾಂ ಎಂದು ಒಂದೇ ಲೆಕ್ಕ, ಬೇಳೆಗೂ ಅದೇ, ಕೊತ್ತಂಬರಿ ಬೀಜಕ್ಕೂ ಅದೇ. ಪಾವು ಎನ್ನುವುದು ತೂಕವಲ್ಲ, ಪಾತ್ರೆಯ ಅಳತೆ. ಒಂದೇ ಪಾವಿನಲ್ಲಿ ತೊಗರಿಬೇಳೆ ಹಿಡಿಯುವ ತೂಕ ಬೇರೆ, ಟೊಳ್ಳು ಕೊತ್ತಂಬರಿ ಬೀಜ ಹಿಡಿಯುವ ತೂಕ ಬೇರೆ. ಆಮೇಲೆ ತಕ್ಕಡಿಯಲ್ಲಿಟ್ಟು ನೋಡಿದೆ. ನಮ್ಮ ಮನೆಯ ಪಾವಿನಲ್ಲಿ ಬೇಳೆ 200 ಗ್ರಾಂ ದಾಟಿತು. ಕೊತ್ತಂಬರಿ 100 ಗ್ರಾಂ ಕೂಡ ತೂಗಲಿಲ್ಲ. ಎರಡರಷ್ಟಕ್ಕೂ ಹೆಚ್ಚು ಕೊತ್ತಂಬರಿ ಬಿದ್ದಿತ್ತು.

ತಂಗಿಗೆ ಫೋನ್ ಮಾಡಿದೆ. “ಅಮ್ಮ ಬರೆದದ್ದನ್ನ ತಿದ್ದೋಕೆ ನಿನಗೆ ಯಾರೇ ಅಧಿಕಾರ ಕೊಟ್ಟೋರು? ಆ ನೋಟ್‌ಬುಕ್ ತೆಗಿ, ಮೊದಲಿನ ಹಾಗೆ ಬರಿ” ಎಂದೆ. ಆ ಕಡೆಯಿಂದ ಸದ್ದಿಲ್ಲ. ಸ್ವಲ್ಪ ಹೊತ್ತಾದ ಮೇಲೆ, “ನೋಟ್‌ಬುಕ್ಕಿಗೆ ಗೆದ್ದಲು ಹಿಡೀತು ಅಕ್ಕ. ಹೇಳೋಕೆ ಧೈರ್ಯ ಬರ್ಲಿಲ್ಲ” ಎಂದಳು.

ನಾನು ಆಡಬಾರದ ಮಾತು ಆಡಿದೆ. ಅವಳೂ ಆಡಿದಳು. ಫೋನ್ ಇಟ್ಟವರು ಮತ್ತೆ ಎತ್ತಲಿಲ್ಲ.

ಕಾರಣ ಬರೆದಿದ್ದರೆ

ಮಗಳ ಆ ರಾತ್ರಿ ಕಳೆದ ಮೇಲೆ ಈ ಕಥೆಯನ್ನೆಲ್ಲ ಅವಳಿಗೆ ಹೇಳಿದೆ. ಕಾಲೇಜಿನ ದಿನಗಳ ಅವಳ ಹಳೆಯ ಲ್ಯಾಪ್‌ಟಾಪು ಅಟ್ಟದ ಮೇಲಿತ್ತು. ಇಳಿಸಿ, ಧೂಳು ಒರೆಸಿ, ಹುಡುಕಿದಳು. ನಾವು ಕಳಿಸಿಕೊಳ್ಳುತ್ತಿದ್ದ ಒಂದು ಹಳೆಯ ಕಡತ ಅದರಲ್ಲಿ ಸಿಕ್ಕಿತು. 51 ಅಡುಗೆಗಳು ಅಮ್ಮನ ಅಳತೆಯಲ್ಲೇ ಇದ್ದವು. ಹುಳಿಪುಡಿಯೂ ಇತ್ತು! ಆ ಹುಡುಗನ ಮಷೀನಿನಲ್ಲಿ ನಕಲು ಉಳಿದಿದ್ದ ಹಾಗೆಯೇ. ಆದರೆ ಅವನದು ವ್ಯವಸ್ಥೆಯಿಂದ ಉಳಿದದ್ದು, ನಮ್ಮದು ಪುಣ್ಯದಿಂದ ಉಳಿದದ್ದು. ಆಮೇಲೆ ಸೇರಿಸಿದ 11 ಅಡುಗೆಗಳ ಹಳೆಯ ಅಳತೆ ಮಾತ್ರ ಎಲ್ಲೂ ಇರಲಿಲ್ಲ.

ಅದನ್ನು ಹಿಡಿದುಕೊಂಡು ನಾನೇ ಬಸ್ಸು ಹತ್ತಿ ನರಸೀಪುರಕ್ಕೆ ಹೋದೆ. ತಂಗಿ ಬಾಗಿಲು ತೆಗೆದವಳು ಅಲ್ಲೇ ಅತ್ತಳು. ನಾನೂ ಅತ್ತೆ. ಕಾಫಿ ಕುಡಿಯುವಾಗ ಕೇಳಿದೆ, “ಹೋಗಲಿ ಬಿಡು, ಯಾಕೆ ತಿದ್ದಿದೆ ಅಂತ ಹೇಳೇ.”

“ನನ್ನ ಮಗಳು ಹಾಸ್ಟೆಲ್ ಬಿಟ್ಟು ಬೆಂಗಳೂರಲ್ಲಿ ರೂಮು ಮಾಡಿದಳಲ್ಲ ಅಕ್ಕ. ಅಜ್ಜಿ ಅಡುಗೆ ಮಾಡ್ಕೋತೀನಿ ಅಂದಳು. ಅವಳು ಪಾವು ಕಣ್ಣಲ್ಲಿ ನೋಡಿದವಳೇ ಅಲ್ಲ. ಅವಳ ಹತ್ತಿರ ಇರೋದು ಒಂದು ತಕ್ಕಡಿ. ಅದಕ್ಕೇ ಗ್ರಾಂ ಮಾಡಿದೆ.”

ನನಗೆ ಮಾತು ಹೊರಡಲಿಲ್ಲ. ಅಮ್ಮನ ರುಚಿ ಮೊಮ್ಮಗಳಿಗೆ ಮುಟ್ಟಲಿ ಎಂದೇ ಅವಳು ತಿದ್ದಿದ್ದು. ಲೆಕ್ಕ ತಪ್ಪಿತು, ಮನಸ್ಸು ತಪ್ಪಿರಲಿಲ್ಲ. ಈ ಒಂದು ಸಾಲನ್ನು ಅವಳು ಅಂದೇ ಬರೆದಿದ್ದರೆ, ‘ಮಗಳಿಗೆ ಪಾವು ಗೊತ್ತಿಲ್ಲ, ಅದಕ್ಕೆ ಗ್ರಾಂ ಮಾಡಿದ್ದೇನೆ’ ಎಂದು, ನಾನು ಓದಿ, “ಅಯ್ಯೋ, ಕೊತ್ತಂಬರಿಗೆ ಬೇರೆ ಲೆಕ್ಕ ಕಣೇ” ಎನ್ನುತ್ತಿದ್ದೆ. ಅಲ್ಲಿಗೆ ಮುಗಿಯುತ್ತಿತ್ತು. ನಾಲ್ಕು ತಿಂಗಳು ಮಾತು ಬಿಡುವ ಅಗತ್ಯವಿರಲಿಲ್ಲ.

ಏನು ಬದಲಾಯಿತು ಎನ್ನುವುದನ್ನು ಯಂತ್ರ ತೋರಿಸುತ್ತದೆ. ಯಾಕೆ ಬದಲಾಯಿತು ಎನ್ನುವುದನ್ನು ಬದಲಾಯಿಸಿದವರೇ ಹೇಳಬೇಕು. ಹೇಳದಿದ್ದರೆ ಓದುವವರು ತಮಗೆ ತೋಚಿದ ಕಾರಣವನ್ನು ತುಂಬಿಕೊಳ್ಳುತ್ತಾರೆ, ಅದು ಸಾಮಾನ್ಯವಾಗಿ ಕೆಟ್ಟ ಕಾರಣವೇ ಆಗಿರುತ್ತದೆ.

ಮಗಳು ನಮ್ಮಿಬ್ಬರಿಗೂ ಗಿಟ್‌ಹಬ್‌ನಲ್ಲಿ ಒಂದು ಖಾತೆ ಮಾಡಿಕೊಟ್ಟು, ಅಮ್ಮನ ಅಡುಗೆಯನ್ನು ಅಲ್ಲಿ ಇಟ್ಟಳು. ಖಾಸಗಿಯಾಗಿ ಇಟ್ಟುಕೊಳ್ಳಲು ದುಡ್ಡು ಕೊಡಬೇಕಾಗಿಲ್ಲ. 2019ರಿಂದ ಅದು ಉಚಿತ. ಅಪ್ಪಣೆಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಪುಟ ತೆರೆದು, ಪೆನ್ಸಿಲ್ಲಿನ ಗುರುತು ಒತ್ತಿ, ತಿದ್ದಿ, ಕಮಿಟ್ ಎಂಬ ಗುಂಡಿ ಒತ್ತಿದರೆ ಒಂದು ಚಿಕ್ಕ ಚೌಕ ಬರುತ್ತದೆ. ಕಾರಣವನ್ನು ಅಲ್ಲಿ ಕನ್ನಡದಲ್ಲೇ ಬರೆಯಬಹುದು. ನನ್ನ ಮೊದಲ ಕಮಿಟ್ಟು ಹೀಗಿತ್ತು: ‘ಹುಳಿಪುಡಿ. ಕೊತ್ತಂಬರಿ ತೂಕ ತಪ್ಪಿತ್ತು. ಪಾವಿನಲ್ಲಿ ಅಳೆದು ತೂಗಿ ನೋಡಿದೆ. ಅಮ್ಮನ ಅಳತೆ ಮೇಲೆ ಇದೆ, ಮಕ್ಕಳಿಗಾಗಿ ಗ್ರಾಂ ಕೆಳಗೆ ಇದೆ.’ ಗುಂಡಿ ಒತ್ತುವಾಗ ನನ್ನ ಕೈ ನಡುಗಿತು. ಮಗಳು ನಕ್ಕಳು, “ಈಗ ಗೊತ್ತಾಯ್ತಾ ಅಮ್ಮ?” ಎಂದು.

ಉಳಿದ 11ರಲ್ಲಿ 8 ಅಡುಗೆಗಳನ್ನು ಚಿಕ್ಕಮ್ಮ ಕೂತು ನೆನಪಿನಿಂದ ಹೇಳಿದರು. ಅಮ್ಮನ ಜೊತೆ ನಿಂತು ಮಾಡಿದ ಕೈ ಅವರದು. ಆ ಎಂಟರ ಕೆಳಗೂ ‘ಚಿಕ್ಕಮ್ಮ ಹೇಳಿದ್ದು’ ಎಂದು ಬರೆದಿದ್ದೇವೆ, ಅಮ್ಮನ ಅಕ್ಷರದಿಂದ ಬಂದದ್ದಲ್ಲ ಎಂದು ಮುಂದಿನವರಿಗೆ ತಿಳಿದಿರಲಿ ಎಂದು. ಇನ್ನು 3 ಉಳಿದವು. ಮಾಗಳಿ ಬೇರಿನ ಉಪ್ಪಿನಕಾಯಿ ಅದರಲ್ಲೊಂದು. ಅದರ ಅಳತೆ ಅಮ್ಮನ ಜೊತೆಗೇ ಹೋಯಿತು.

ನೆನಪಿಡಬೇಕಾದ ಕೆಲವು ಮಾತು

ಮಗಳ ಕಚೇರಿಯಲ್ಲಿ ಪಾಲಿಸುವ ಪದ್ಧತಿಗಳನ್ನು ಅವಳನ್ನೇ ಕೇಳಿ ಬರೆದುಕೊಂಡಿದ್ದೇನೆ. ನಿಮ್ಮ ಮಕ್ಕಳು ಈ ಕೆಲಸಕ್ಕೆ ಸೇರುವವರಿದ್ದರೆ ಓದಿ ಹೇಳಿ. ಸಂಘದ ಲೆಕ್ಕಕ್ಕೂ, ಮನೆಯ ಲೆಕ್ಕಕ್ಕೂ ಇವು ಒದಗುತ್ತವೆ.

1. ಕೆಲಸಕ್ಕೆ ಕೂರುವ ಮೊದಲು, ಒಪ್ಪಿಸುವ ಮೊದಲು, ಬೇರೆಯವರು ಏನು ಬರೆದಿದ್ದಾರೆ ಎಂದು ತಂದುಕೊಂಡು ನೋಡಬೇಕು. ಯಂತ್ರ ತಡೆದರೆ ಕಾರಣವಿರುತ್ತದೆ. ಬಲವಂತ ಬೇಡ.

2. ಒಂದು ಕಮಿಟ್ಟಿಗೆ ಒಂದೇ ವಿಷಯ. ಹುಳಿಪುಡಿ ತಿದ್ದುವಾಗ ಪಾಯಸಕ್ಕೂ ಕೈ ಹಾಕಬಾರದು. ನಾಳೆ ಹುಳಿಯದ್ದು ಬೇಡವೆಂದು ಹಿಂದೆಗೆದರೆ ಪಾಯಸವೂ ಹೋಗುತ್ತದೆ.

3. ಚಿಕ್ಕ ಚಿಕ್ಕದಾಗಿ, ಆಗಾಗ ಒಪ್ಪಿಸಬೇಕು. ವಾರದ ಪಾತ್ರೆಯನ್ನೆಲ್ಲ ಗುಡ್ಡೆ ಹಾಕಿಕೊಂಡು ಭಾನುವಾರ ತೊಳೆಯುವವರುಂಟೇ? ಹಾಗೆಯೇ ಇದೂ. ಚಿಕ್ಕದರಲ್ಲಿ ತಪ್ಪು ಬೇಗ ಕಾಣುತ್ತದೆ.

4. ‘ಸರಿ ಮಾಡಿದೆ’, ‘ಬದಲಾಯಿಸಿದೆ’ ಎಂದಷ್ಟೇ ಬರೆದರೆ ಬರೆದ ಹಾಗಲ್ಲ. ಏನನ್ನು, ಯಾಕೆ ಎಂದು ಎರಡು ಸಾಲು ಬರೆಯಬೇಕು. ಆರು ತಿಂಗಳಾದ ಮೇಲೆ ಓದುವ ಅಪರಿಚಿತರು ನಾವೇ ಆಗಿರಬಹುದು.

5. ಪಾಸ್‌ವರ್ಡ್, ಎಟಿಎಂ ಗುಟ್ಟಿನ ಸಂಖ್ಯೆ ಇಂಥವನ್ನು ಎಂದೂ ಕಮಿಟ್ಟಿಗೆ ಸೇರಿಸಬಾರದು. ಆಮೇಲೆ ಅಳಿಸಿದರೂ ಹಳೆಯ ಪುಟದಲ್ಲಿ ಉಳಿದಿರುತ್ತದೆ. ಅಪ್ಪಿತಪ್ಪಿ ಸೇರಿಬಿಟ್ಟರೆ ಆ ಪಾಸ್‌ವರ್ಡನ್ನೇ ಕೂಡಲೇ ಬದಲಾಯಿಸಬೇಕು.

6. ತಪ್ಪಾದರೆ ಮುಚ್ಚಿಡದೆ ಹೇಳಬೇಕು. ನನ್ನ ಮಗಳು ಆರು ಗಂಟೆಗೆ ಫೋನ್ ಮಾಡಿದ್ದರಿಂದ ಹತ್ತು ನಿಮಿಷದಲ್ಲಿ ಸರಿಹೋಯಿತು. ಗೆದ್ದಲು ಹಿಡಿದ ದಿನವೇ ನನ್ನ ತಂಗಿ ಹೇಳಿದ್ದರೆ ನಾಲ್ಕು ಪುಟವಾದರೂ ಉಳಿಯುತ್ತಿತ್ತೇನೋ. ಹೇಳಲು ಅವಳು ಹೆದರುವ ಹಾಗೆ ನಾನು ಇದ್ದೆನಲ್ಲ, ಅದು ನನ್ನ ತಪ್ಪು.

ಕಡತದ ಪ್ರತಿ ಸಾಲನ್ನೂ ಯಾರು ಬರೆದರು ಎಂದು ತೋರಿಸುವ ಒಂದು ಅಪ್ಪಣೆಯೂ ಗಿಟ್‌ನಲ್ಲಿದೆ. ಅದರ ಇಂಗ್ಲಿಷ್ ಹೆಸರಿಗೆ ದೂರುವುದು ಎಂದು ಅರ್ಥವಂತೆ. ಈಗ ನಮ್ಮ ಅಮ್ಮನ ಅಡುಗೆಗೆ ಆ ಅಪ್ಪಣೆ ಕೊಟ್ಟರೆ ನನ್ನ ಹೆಸರು, ತಂಗಿಯ ಹೆಸರು ಒಂದರ ಕೆಳಗೊಂದು ಬರುತ್ತದೆ. ಹೋದ ತಿಂಗಳಿಂದ ತಂಗಿಯ ಮಗಳ ಹೆಸರೂ ಸೇರಿದೆ. ಬೆಂಗಳೂರಿನ ರೂಮಿನಿಂದ ಅವಳು ಹಾಕಿದ ಮೊದಲ ಕಮಿಟ್ಟು: ‘ಹುಳಿ. ನಮ್ಮ ಮಿಕ್ಸಿ ಚಿಕ್ಕದು, ಅರ್ಧ ಅಳತೆ ಸೇರಿಸಿದ್ದೇನೆ. ಅಜ್ಜಿ ಬರೆದದ್ದು ಮುಟ್ಟಿಲ್ಲ.’

ಓದಿ ನನ್ನ ಕಣ್ಣು ತುಂಬಿತು. ಆ ಕೊನೆಯ ಮೂರು ಅಡುಗೆಗಳ ಪುಟವನ್ನು ಖಾಲಿಯಾಗಿಯೇ ಇಟ್ಟಿದ್ದೇವೆ. ಮೇಲೆ ಹೆಸರು ಮಾತ್ರ ಇದೆ. ನಿಮ್ಮ ಮನೆಯಲ್ಲೂ ಅಮ್ಮನದೋ ಅತ್ತೆಯವರದೋ ಒಂದು ನೋಟ್‌ಬುಕ್ಕು ಇದ್ದೇ ಇರುತ್ತದೆ. ಈ ಪತ್ರಿಕೆ ಕೆಳಗಿಟ್ಟು, ಮೊದಲು ಅದನ್ನು ಪೆಟ್ಟಿಗೆಯಿಂದ ತೆಗೆದು ನೋಡಿ. ಗೆದ್ದಲು ಕಾಯುವುದಿಲ್ಲ.